ಮೂಗಿನ ಪೆನ್ಷನ್

ಗಡಿಯಲ್ಲಿ ಪಕ್ಕದಲ್ಲೇ ಶೆಲ್ ಸಿಡಿದ ದಿನದಿಂದ ಹವಾಲ್ದಾರನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಒಲೆಯ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದ ಮನೆಯವರೇ ಓಡಿಬಂದು ಹೇಳಬೇಕು. ನಿವೃತ್ತನಾದ ಮೇಲೆ ಅಂಗವೈಕಲ್ಯದ ಪೆನ್ಷನ್ ಕೇಳಿಕೊಂಡು ಮಿಲಿಟರಿ ಆಸ್ಪತ್ರೆಗೆ ಬಂದ. ಕೂರಿ ಎಂದರೂ ಕೂರದೆ ಅಟೆನ್ಷನ್‌ನಲ್ಲೇ ನಿಂತ.

ಡಾಕ್ಟರಾಗಿದ್ದ ಕರ್ನಲ್ ಸಾಹೇಬರು ಅವನ ಕಣ್ಣಿಗೆ ಬಟ್ಟೆ ಕಟ್ಟಿಸಿ ಲವಂಗ, ಕಾಫಿಪುಡಿ, ಸೀಮೆಎಣ್ಣೆ ಎಲ್ಲವನ್ನೂ ಮೂಗಿಗೆ ಹಿಡಿದು ನೋಡಿದರು.

“ಏನೂ ಗೊತ್ತಾಗ್ತಿಲ್ಲ ಸರ್.”

“ಸರಿ, ಕಣ್ಣಿನ ಬಟ್ಟೆ ಬಿಚ್ಚಿ,” ಎಂದು ಸಾಹೇಬರು ಕಿಟಕಿಯತ್ತ ತಿರುಗಿ ಮುಖ ಕಿವುಚಿದರು. “ಥೂ, ಈ ಮೋರಿ ಏನ್ ಗಬ್ಬು ನಾರ್ತಿದೆ, ಅಲ್ವೇನ್ರೀ ಹವಾಲ್ದಾರ್?”

ಮಾತು ಮುಗಿಯುವ ಮೊದಲೇ ಅವನ ಹಿಮ್ಮಡಿಗಳು ಟಕ್ಕೆಂದು ಕೂಡಿದವು. “ಯೆಸ್ ಸರ್!”

ಸಾಹೇಬರು ನಕ್ಕು ಪೆನ್ನು ತೆಗೆದರು. “ಹಂಗಾದ್ರೆ ಮೂಗು ನೆಟ್ಟಗಿದೆ ಅಂತ ಬರೀಲಾ?”

ಹಿಮ್ಮಡಿಗಳು ಮತ್ತೆ ಕೂಡಿದವು.

“ಯೆಸ್ ಸರ್!”