ಗುಂಡು ಉರುಳಿಸುವ ಸಿಂಹ

ದುರ್ಗಕ್ಕ ಹುಣಸೆಹಣ್ಣು ಹಚ್ಚಿ ನರಸಿಂಹದೇವರ ಮೂಗು ತಿಕ್ಕುತ್ತಿದ್ದಾಗ ಹಿತ್ತಲಿನಲ್ಲಿ ಪಂಪೇಶ ಕಿರುಚಿದ. ಹಾವು ಕಂಡಿರಬೇಕು ಎಂದು ಅವಳು ದೇವರನ್ನು ಹಿಡಿದುಕೊಂಡೇ ಓಡಿದಳು. ಹಾವಲ್ಲ. ಬಣವೆಯ ಪಕ್ಕದ ಹಳೇ ಕಾರನ್ನು ಮೂರು ದಿನದಿಂದ ಕೆರೆಯುತ್ತಿದ್ದ ಹೊಸಪೇಟೆಯ ಆ ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ತೂರಿಸಿ, ಸೀಮೆಎಣ್ಣೆಯ ಬಟ್ಟೆಯಿಂದ ಒಂದು ತಗಡನ್ನು ಒರೆಸುತ್ತ ಕುಣಿಯುತ್ತಿದ್ದ.

“ಅಕ್ಕಾ, ಇದು ಹೋಲ್ಡನ್! ಆಸ್ಟ್ರೇಲಿಯಾ ಗಾಡಿ! ಆರು ಸಿಲಿಂಡರು! ಹುಡುಕಿದ್ರೂ ನಮ್ಮ ಕಡಿ ಇಂಥದು ಇನ್ನೊಂದು ಸಿಗಾಕಿಲ್ಲ.”

ಕಟ್ಟೆಯ ಮೇಲಿದ್ದ ಅತ್ತೆ ಹೊಳೆಮ್ಮ ಎಲೆಯಡಿಕೆ ಉಗಿದಳು. “ಆಸ್ಟ್ರೇಲಿಯಾ ಅಂತ ಆಸ್ಟ್ರೇಲಿಯಾ! ಸಂಡೂರ ಮೈನ್ಸ್‌ನ್ಯಾಗ ದೊರಿಗೆ ಈ ಗಾಡಿ ಹೊಡದಾವ ನನ್ನ ಗಂಡ. ದೊರಿ ಊರಿಗೆ ಹೋಗುವಾಗ ಅವನಿಗೇ ಬಿಟ್ಟು ಹೋದ. ಮೋರಿಸ್ ಇದು, ಇಂಗ್ಲೆಂಡಿಂದು.”

“ಅಮ್ಮಾ, ತಗಡಿನ ಮ್ಯಾಲ ಬರದೈತಿ ನೋಡ್ರಿ.”

“ನನ್ನ ಗಂಡ ಸುಳ್ಳು, ನಿನ್ನ ತಗಡು ಖರೆ ಏನಲೇ?”

ಪಂಪೇಶ ನಕ್ಕು ದುರ್ಗಕ್ಕನ ಕಡೆ ತಿರುಗಿದ. “ಇಂಜಿನ್ ಬಿಚ್ಚಿ ಕೂಡಸ್ತೀನಿ, ತುಕ್ಕು ತಿಂದ ಕಡಿ ತಗಡು ಬೆಸೀತೀನಿ. ಬೆಂಗಳೂರಾಗ ಹಳೇ ಗಾಡಿ ಪ್ರದರ್ಶನ ಐತಿ, ಅಮ್ಮನ್ನ ಮುಂದ ಕುಂದ್ರಿಸ್ಕೊಂಡು ಹೋಗೋದ. ಒಂದೇ ಕೊರತಿ ಅಕ್ಕಾ. ಬಾನೆಟ್ ಮ್ಯಾಲ ಕಂಪನಿ ಗುರುತಿನ ಒಂದು ಬಿಲ್ಲಿ ಇತ್ತು, ಬರೇ ತೂತು ಉಳದಾವ. ಅದಿಲ್ಲಂದ್ರ ಮೂಗಿಲ್ಲದ ಮಾರಿ.” ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದ. ಒಂದು ಸಿಂಹ. ಮುಂಗಾಲಿನಡಿ ಒಂದು ಗುಂಡು.

ದುರ್ಗಕ್ಕ ದೇವರಿದ್ದ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

ನಲವತ್ತು ವರ್ಷದ ಹಿಂದೆ ತಿಪ್ಪೆ ತೋಡುವಾಗ ಹೊಳೆಮ್ಮನ ಗುದ್ದಲಿಗೆ ಸಿಕ್ಕ ದೇವರು ಅದು. ಸಿಂಹದ ಕಾಲಡಿ ಗುಂಡು ಇದ್ದ ಮೇಲೆ ಅವನು ಗುಂಡುಕಲ್ಲುಗಳ ಹಂಪಿಯ ನರಸಿಂಹನಲ್ಲದೆ ಇನ್ಯಾರು? ಆಮೇಲೆ ಮೊಮ್ಮಕ್ಕಳ ಜ್ವರ ಇಳಿದದ್ದು, ಬರಡು ಎಮ್ಮೆ ಗಬ್ಬವಾದದ್ದು, ಮಗನಿಗೆ ಫ್ಯಾಕ್ಟರಿ ಕೆಲಸ ಸಿಕ್ಕದ್ದು ಎಲ್ಲವೂ ಅವನಿಂದಲೇ. ನೀನು ಕಾರಿನ ಬಿಲ್ಲೆಗೆ ಹೆಡಿಗೆ ತುಂಬ ಹೂ ಏರಿಸಿದೆ ಎಂದು ಎಂಬತ್ತರ ಮುದುಕಿಗೆ ಯಾವ ಬಾಯಲ್ಲಿ ಹೇಳುವುದು?

ಅತ್ತೆ ಒಳಗೆ ಹೋದ ಮೇಲೆ ಬಣವೆಯ ಮರೆಯಲ್ಲಿ ದುರ್ಗಕ್ಕ ಮುಷ್ಟಿ ಬಿಚ್ಚಿದಳು. ಪಂಪೇಶ ಗಬಕ್ಕನೆ ಕೈ ಚಾಚಿದವನು ಕುಂಕುಮ ಕಂಡು ಹಿಂತೆಗೆದ. ಚಪ್ಪಲಿ ಬಿಟ್ಟ.

“ಇದನ್ನ ಕೊಡಂಗಿಲ್ಲ. ಅತ್ತಿ ಎದಿ ಒಡಕೊಂತಾಳ,” ಎಂದಳು ದುರ್ಗಕ್ಕ. “ಕಂಪ್ಲ್ಯಾಗ ಎತ್ತಿನ ಗಂಟಿ ಎರಿಯೋ ಓಬಳೇಶ ಅದಾನಲ್ಲ, ಅವನ ಕಡಿಂದ ಇಂಥದೇ ಇನ್ನೊಂದು ಎರಸು. ಶನಿವಾರ ಪೂಜಿಗೆ ದೇವರು ಗೂಡಿನ್ಯಾಗ ಇರಬೇಕು.”

“ಪ್ರದರ್ಶನದಾಗ ಡೂಪ್ಲಿಕೇಟ್ ಅಂತ ಹಿಡದು ಬಿಡ್ತಾರ ಅಕ್ಕಾ.”

“ಹಿಡೀಲಿ ಬಿಡು.”

ದೇವರಿಗೆ ಮೆರುಗು ಹಾಕಿಸಲು ಕಳಿಸಿದ್ದೇನೆಂದು ಅತ್ತೆಗೆ ಹೇಳಿದಳು. ಶುಕ್ರವಾರ ಸಂಜೆ ಪಂಪೇಶ ಟವೆಲ್ಲಿನಲ್ಲಿ ಎರಡು ಸಿಂಹ ಸುತ್ತಿಕೊಂಡು ತಂದ. “ಓಬಳೇಶ ಎರಡಕ್ಕೂ ಮೆರುಗು ಹಾಕಿ ಕುಂತಾನ. ಯಾವುದು ಯಾವುದು ಅಂತ ನನಗ ತಿಳಿವಲ್ದು. ನೀವ ಆರಿಸಿ ಕೊಡ್ರಿ.”

ದುರ್ಗಕ್ಕನಿಗೆ ಹೆಬ್ಬೆರಳು ಸವರಿದೊಡನೆ ತಿಳಿಯಿತು. ಹಳೆಯವನ ಮೂಗು ಸವೆದು ಚಪ್ಪಟೆಯಾಗಿತ್ತು. ಸವೆಸಿದವಳು ಅವಳೇ, ಇಪ್ಪತ್ತಾರು ವರ್ಷ. ಅಡುಗೆಮನೆಯಲ್ಲಿ ಒಂದೊಂದು ಅಂಗೈಯಲ್ಲಿ ಒಂದೊಂದನ್ನು ಇಟ್ಟುಕೊಂಡು ನಿಂತಳು. ಸಮುದ್ರ ದಾಟಿ ಬಂದವನು. ಗಾಡಿಯ ಮೂತಿಯ ಮೇಲೆ ಕೂತು ಸಂಡೂರಿನ ಘಾಟಿನ ಗಾಳಿ ಕುಡಿದವನು. ಆಮೇಲೆ ಗೂಡಿನೊಳಗೆ ಎಣ್ಣೆಯ ಜಿಡ್ಡು, ಎದುರಿಗೆ ಹಿಟ್ಟಿನ ಡಬ್ಬಿಗಳ ಸಾಲು, ಕಿವಿತುಂಬ ಊರವರ ಗೋಳು. ಆ ಡಬ್ಬಿಗಳ ಸಾಲನ್ನು ಅವನಷ್ಟೇ ದಿಟ್ಟಿಸಿದವಳು ಈ ಮನೆಯಲ್ಲಿ ಇನ್ನೊಬ್ಬಳಿದ್ದಳು. ಇನ್ನು ಹೊಸಬನೋ, ಅತ್ತೆ ಎರಡು ಶನಿವಾರ ಕೈ ಮುಗಿದರೆ ದೇವರಾಗದೆ ಎಲ್ಲಿ ಹೋಗುತ್ತಾನೆ? ತಿಪ್ಪೆಯಲ್ಲಿ ಸಿಕ್ಕವನೂ ಹಾಗೆಯೇ ಆದವನು.

“ದುರ್ಗೀ, ದೇವರು ಬಂದನೇನ?” ಪಡಸಾಲೆಯಿಂದ ಹೊಳೆಮ್ಮ ಕೂಗಿದಳು.

“ಬಂದ, ಅತ್ತಿ. ಗೂಡಿನ್ಯಾಗ ಕುಂದ್ರಿಸೀನಿ, ನೋಡ್ರಿ.”

ಹಿತ್ತಲಲ್ಲಿ ಪಂಪೇಶ ಕಾಯುತ್ತಿದ್ದ. ಬಾಗಿಲು ದಾಟುವ ಮೊದಲು ದುರ್ಗಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಚಪ್ಪಟೆ ಮೂಗಿನ ಸಿಂಹದ ಕೇಸರದ ಸಂದಿಯಲ್ಲಿ ಎಳ್ಳುಕಾಳಿನಷ್ಟು ಉಳಿದಿದ್ದ ಕುಂಕುಮವನ್ನು ಮೆಲ್ಲಗೆ ಕೆದಕಿ ಬೀಳಿಸಿದಳು.