ಹೆಟ್ಟಿಯ ಮೊದಲ ಮಾತು

"ಕಟ್!" ಎಂದ ನಿರ್ದೇಶಕ ವಿನ್‌ಸ್ಟೆಡ್. ಧ್ವನಿ ಹಿಡಿಯುವ ಆರ್ಲೋ ಕಿವಿಯ ಹೆಡ್‌ಫೋನ್ ಕಿತ್ತು, ಕೊಡವಿ, ಮತ್ತೆ ಹಾಕಿಕೊಂಡ. "ನನ್ನ ಮಷೀನ್ ಸರಿಯಾಗೇ ಇದೆ ಸರ್. ಹೆಟ್ಟಿ ಬಾಯಿಂದ್ಲೇ ಏನೂ ಬರ್ತಿಲ್ಲ."

ಬಂದಿರಲಿಲ್ಲ, ನಿಜ. ಹೆಟ್ಟಿ ಲೋಮ್ಯಾಕ್ಸ್ ಹತ್ತೊಂಬತ್ತು ವರ್ಷದಿಂದ ಹಾಲಿವುಡ್ಡಿನ ಚಿತ್ರಗಳಲ್ಲಿ ಗುಂಪಿನ ನಟಿಯಾಗಿ ನಿಂತವಳು. ಮೂಕಿ ಚಿತ್ರಗಳ ಕಾಲದಲ್ಲಿ ಯಾರ ದನಿಯೂ ಬೇಕಿರಲಿಲ್ಲ. ಟಾಕಿ ಬಂದಮೇಲೆ ಗುಂಪಿನವರಿಗೆ ಒಂದೇ ಕಟ್ಟಪ್ಪಣೆ: ಹರಟುವ ಹಾಗೆ ತುಟಿ ಆಡಿಸಿ, ಉಸಿರೂ ಕೇಳಿಸಬಾರದು. ಮದುವೆಮನೆ, ಕೋರ್ಟು, ಮುಳುಗುವ ಹಡಗು, ಎಲ್ಲ ಕಡೆಯೂ ಹೆಟ್ಟಿ ಸದ್ದಿಲ್ಲದೆ ಕೂಗಿಕೊಂಡಿದ್ದಳು. ಇವತ್ತು ಮನೆಕೆಲಸದವಳ ಪಾತ್ರ, ಒಂದೇ ಒಂದು ಮಾತು: "ಅಮ್ಮಾವ್ರೇ, ಪೊಲೀಸ್ರು ಬಂದಿದ್ದಾರೆ." ಅದನ್ನು ಆಡಿದರೆ ಪರದೆಯ ಮೇಲೆ ಹೆಸರು ಬರುತ್ತದೆ. ಆದರೆ ಕ್ಯಾಮೆರಾ ಓಡಿದ ಕೂಡಲೇ ತುಟಿ ಮಾತ್ರ ಚೆಂದವಾಗಿ ಆಡುತ್ತಿತ್ತು.

"ತಾಯೀ, ಇದು ನಾಲ್ಕನೇ ಸಲ," ವಿನ್‌ಸ್ಟೆಡ್ ತಲೆ ಹಿಡಿದುಕೊಂಡ. "ಇನ್ನೊಂದ್ಸಲ ನೋಡ್ತೀನಿ. ಆಗ್ಲಿಲ್ವಾ, ಆ ಮಾತು ಬೇರೆಯವಳಿಗೆ."

"ಹೇಳ್ದೆ ಅಂತ್ಲೇ ಅನ್ಕೊಂಡೆ ಸರ್," ಎಂದಳು ಹೆಟ್ಟಿ.

"ಅಗೋ, ಈಗ ಬಂತಲ್ಲ ದನಿ!"

"ಈಗ ಕ್ಯಾಮೆರಾ ಓಡ್ತಿಲ್ವಲ್ಲ ಸರ್."

ಔತಣಕ್ಕೆ ಬಂದ ಅತಿಥಿಗಳ ವೇಷದಲ್ಲಿ ಗುಂಪಿನವರು ನಲವತ್ತು ಜನ ಹಿಂದೆ ನಿಂತಿದ್ದರು. ಅವರಲ್ಲಿ ವರ್ನಾ, ಹೆಟ್ಟಿಯ ಹಳೇ ಗೆಳತಿ, ಗರಿಯ ಟೋಪಿ ಸರಿಮಾಡಿಕೊಳ್ಳುತ್ತ ಪಿಸುಗುಟ್ಟಿದಳು: "ಲೇ, ಊಟದ ಸಾಲಲ್ಲಿ ಯಾರಾದ್ರೂ ನುಗ್ಗಿದ್ರೆ ಹೆಂಗೆ ಬಾಯ್ ಮಾಡ್ತೀಯೆ! ಅದ್ರಲ್ಲಿ ಕಾಲು ಭಾಗ ಸಾಕು ಕಣೇ."

ಕ್ಯಾಮೆರಾ ಓಡಿತು. ಹೆಟ್ಟಿ ಬಾಗಿಲು ತೆರೆದು ಬಂದು ನಾಯಕಿಯ ಮುಂದೆ ನಿಂತಳು. ತುಟಿ ಆಡಿತು. ಸದ್ದಿಲ್ಲ. ನಿಲ್ಲಿಸಲು ವಿನ್‌ಸ್ಟೆಡ್ ಕೈ ಎತ್ತಿದ. ಹೆಟ್ಟಿ ಕಣ್ಣು ಮುಚ್ಚಿ, ಹೊಟ್ಟೆಯಾಳದಿಂದ ಉಸಿರೆಳೆದಳು.

"ಅಮ್ಮಾವ್ರೇ, ಪೊಲೀಸ್ರು ಬಂದಿದ್ದಾರೆ!"

ನಾಯಕಿ ನಿಜವಾಗಿಯೂ ಬೆಚ್ಚಿಬಿದ್ದಳು. ಅವಳು ತನ್ನ ಮಾತು ಶುರುಮಾಡುವ ಮೊದಲೇ ಹಿಂದಿನಿಂದ ನಲವತ್ತು ಜನರ ಚಪ್ಪಾಳೆ, ಸಿಳ್ಳೆ, "ಭಲೇ ಹೆಟ್ಟಿ!" ಎಂಬ ಕೂಗು, ಸ್ಟುಡಿಯೋ ಚಾವಣಿ ಹಾರಿಹೋಗುವಷ್ಟು.

"ಕಟ್! ಕಟ್! ಎಲ್ಲಾ ಹಾಳಾಯ್ತು!" ವಿನ್‌ಸ್ಟೆಡ್ ಕುರ್ಚಿ ಒದ್ದು ಎದ್ದ. "ಯಾರ್ರೀ ಅದು ಸದ್ದು ಮಾಡಿದ್ದು? ಮಾಡಿದವರಿಗೆ ನಾಳೆಯಿಂದ ಈ ಗೇಟಿನೊಳಗೆ ಕೆಲಸ ಇಲ್ಲ!"

ವರ್ನಾ ನೆಲ ನೋಡಿದಳು.

"ನಾನೇ ಸರ್," ಎಂದಳು ಹೆಟ್ಟಿ, ಸ್ಟುಡಿಯೋದ ಆಚೆಗೂ ಕೇಳುವ ಹಾಗೆ. "ಆ ನಲವತ್ತೂ ನಾನೇ."