ಅಳಿಯನ ಎಣ್ಣೆಸ್ನಾನ

“ಗೀಸರ್ ಎಷ್ಟು ಲೀಟರಿಂದು ಬೇಕು ಸರ್?” ಅಂಗಡಿಯವನು ಕೇಳಿದ.

“ಬಿಸಿನೀರು ಮಧ್ಯದಲ್ಲಿ ಖಾಲಿ ಆಗಬಾರದು, ಅಷ್ಟೇ.” ಅಪ್ಪ ಅಂದರು. “ಮದುವೇಲಿ ಬೀಗರ ಸ್ನಾನಕ್ಕೆ ಬಿಸಿನೀರು ಸಾಲಲಿಲ್ಲ. ಅಲ್ಲಿಂದ ಶುರುವಾಯ್ತು ಮುನಿಸು. ಮಗಳನ್ನ ತಂದು ಬಿಟ್ಟುಹೋಗಿ ಐದು ತಿಂಗಳಾಯ್ತು. ಕಾಲು ಹಿಡಿದು ಅಳಿಯಂದಿರನ್ನ ಮೊದಲನೇ ದೀಪಾವಳಿಗೆ ಒಪ್ಪಿಸಿದೀನಿ. ಹಬ್ಬ ಮುಗಿಸಿ ಕರ್ಕೊಂಡು ಹೋಗ್ತಾರಂತೆ. ಇದೂ ಕೆಟ್ಟರೆ ಅವಳ ಬಾಳು ಮುಗೀತು.”

“ಹಾಗಾದ್ರೆ ಟ್ಯಾಂಕ್ ಇರೋ ಗೀಸರ್ ಬೇಡ. ಇನ್‌ಸ್ಟಂಟ್ ತಗೊಳ್ಳಿ. ಸ್ವಿಚ್ ಹಾಕಿರೋ ತನಕ ಬಿಸಿನೀರು ಬರ್ತಾನೇ ಇರುತ್ತೆ.”

ಅಂದೇ ಗೋಡೆಗೆ ಕೂರಿಸಿದ್ದಾಯಿತು. ಅಪ್ಪ ನಾಲ್ಕು ಸಲ ನಲ್ಲಿ ತಿರುಗಿಸಿ ನೋಡಿದರು. “ನೀನೂ ಒಂದ್ಸಲ ಕೈಯಿಟ್ಟು ನೋಡಮ್ಮ” ಎಂದರು. ಮಗಳು ನಲ್ಲಿ ಮುಟ್ಟದೆ ಒಳಗೆ ಹೋದಳು.

ಹಬ್ಬದ ಬೆಳಗಿನ ಜಾವ ಅಳಿಯನಿಗೆ ಆರತಿ ಎತ್ತಿ, ಎಣ್ಣೆ ಹಚ್ಚಿ, ಬಚ್ಚಲಿಗೆ ಕಳಿಸಿದರು. ಮುಚ್ಚಿದ ಬಾಗಿಲಿನ ಆಚೆಯಿಂದ ದನಿ ಬಂತು: “ಪರವಾಗಿಲ್ಲ ಮಾವ, ಚೆನ್ನಾಗಿ ಕಾದಿದೆ!”

ಅಪ್ಪ ಉಸಿರು ಬಿಟ್ಟರು. ಅಷ್ಟರಲ್ಲಿ ಕಿರುಚಾಟ.

“ಏನ್ರೀ ಇದು, ತಣ್ಣೀರು! ಕಣ್ಣೆಲ್ಲಾ ಸೀಗೇಪುಡಿ! ನಿಮ್ಮನೇದು ಯಾವತ್ತೂ ಇದೇ ಹಣೆಬರಹ!”

“ಕರೆಂಟ್ ಹೋಯ್ತೇನೋ...” ಅಪ್ಪ ತಲೆಯೆತ್ತಿದರು. ದೀಪ ಉರಿಯುತ್ತಲೇ ಇತ್ತು. ಬಚ್ಚಲ ಹೊರಗೋಡೆಯ ಸ್ವಿಚ್‌ಬೋರ್ಡಿನತ್ತ ಓಡಿದರು.

ಅಲ್ಲಿ, ಆರಿಸಿದ ಸ್ವಿಚ್ಚನ್ನು ಅಂಗೈಯಿಂದ ಮುಚ್ಚಿಕೊಂಡು ಮಗಳು ನಿಂತಿದ್ದಳು.